ಒದೆ ಕೇಳಲು ಹೋದ ಚನ್ನಬಸವ್ವ

ಬೈರಿದೇವರಕೊಪ್ಪದ ಚನ್ನಬಸವ್ವ ತಾಯಿಯ ಹೊಟ್ಟೆಯಿಂದ ಬಂದದ್ದೇ ಕಾಲು ಮುಂದೆ ಮಾಡಿಕೊಂಡು. ಹಾಗೆ ಹುಟ್ಟಿದವರು ಒದ್ದರೆ ಮೈಯ ಉಳುಕು ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಸೊಂಟ ಹಿಡಿದವರು, ಬೆನ್ನು ಹಿಡಿದವರು ಬೆಳಿಗ್ಗೆ ಅವಳ ಹೊಸ್ತಿಲ ಮೇಲೆ ಬೋರಲು ಬೀಳುವರು. ಅವಳು ಸೀರೆ ಎತ್ತಿ ಕಟ್ಟಿ, ‘ಬಸವಾ’ ಎಂದು ಜಾಡಿಸಿ ಒದೆಯುವಳು. ಆ ಒದೆಯಲ್ಲಿ ಭಕ್ತಿಗಿಂತ ಸುಖವೇ ಜಾಸ್ತಿ ಇತ್ತು, ಸುಳ್ಳೇಕೆ ಹೇಳಲಿ! ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಗಂಡ ಬದುಕಿದ್ದಾಗ ಅವನನ್ನು ಇಸ್ಪೀಟಿಗೆ ಕರೆಯಲು ಬಂದವನ ಕೈಗೆ ಕಾದ ಸಟ್ಟುಗದಿಂದ ಬರೆ ಎಳೆದು ಕಳಿಸಿದವಳು.

ಹೊಟ್ಟೆಪಾಡು ಮಾತ್ರ ಕಾಲಿನದಲ್ಲ, ಕೈಯದು. ಹುಬ್ಬಳ್ಳಿಯ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಮದುವೆಯಾಗಿ ಬಂದಂದಿನಿಂದ ನೆಲಕ್ಕೆ ಕೂತು, ಹಲಗೆಯ ಮೇಲೆ ಕುತ್ತಿಗೆ ಬಗ್ಗಿಸಿ ಪಟಪಟ ಪಟಪಟ. ಆ ಸಪ್ಪಳ ನಿಂತ ದಿನ ನನ್ನನ್ನು ಮಣ್ಣು ಮಾಡಿರಿ ಎನ್ನುತ್ತಿದ್ದಳು.

ಅರವತ್ತು ಹತ್ತಿರ ಬಂದಾಗ ಕುತ್ತಿಗೆ ಹಿಡಿಯಿತು. ಮೊದಲು ದಿಂಬಿನ ತಪ್ಪೆಂದು ಅದನ್ನು ಕುಡುಗೋಲಿನಿಂದ ಸೀಳಿ ಹತ್ತಿಯನ್ನು ಅಂಗಳಕ್ಕೆ ಚೆಲ್ಲಿದಳು. ನೋವು ಭುಜಕ್ಕಿಳಿಯಿತು, ಮೊಣಕೈಗಿಳಿಯಿತು. ಒಂದು ದಿನ ಒಲೆಯ ಮುಂದೆ ಸೊಸೆ ರಜನಿ ಚೀರಿದಳು, “ಅತ್ತೀ, ಕೈ!” ಚನ್ನಬಸವ್ವನ ಬಲಗೈ ಬೆರಳುಗಳು ಕಾದ ಹಂಚಿಗೆ ಅಂಟಿ ಸುಡುತ್ತಿದ್ದವು. ಅವಳಿಗೆ ಗೊತ್ತೇ ಆಗಿರಲಿಲ್ಲ.

ಡಾಕ್ಟರ್ ಜರೀನಾ ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು.

“ಅವ್ವಾರ, ವಯಸ್ಸಾದಂಗ ಕುತ್ತಿಗಿ ಎಲುಬು ಸವದಾವ್ರಿ. ನರಾ ಒತ್ತಾಕತ್ತಾವ. ಕುತ್ತಿಗಿಗೆ ಪಟ್ಟಿ ಹಾಕ್ಕೊಳ್ರಿ, ವ್ಯಾಯಾಮ ಮಾಡ್ರಿ, ತಲಿ ಬಗ್ಗಿಸಿ ಕೆಲಸ ಬ್ಯಾಡ. ಕಮ್ಮಿ ಆಗಲಿಲ್ಲಂದ್ರ ಆಪರೇಷನ್ ವಿಚಾರ ಮಾಡೂಣು. ಆದ್ರ ಕುತ್ತಿಗಿ ಯಾರ ಕಡಿಂದನೂ ತಿರುವಿಸ್ಕೋಬ್ಯಾಡ್ರಿ, ಗುದ್ದಿಸ್ಕೋಬ್ಯಾಡ್ರಿ. ಎರಡೂ ಕೈ ಹೋಗಿಬಿಡ್ತಾವ.”

ಮನೆಗೆ ಬಂದವಳೇ ಪಟ್ಟಿಯನ್ನು ಕಿತ್ತು ಗೋಡೆಗೆ ಎಸೆದಳು. “ನಾಯಿಗೆ ಕಟ್ಟೂದನ್ನ ನನಗ ಕಟ್ಟತಾರ! ನನ್ನ ಕಡೆ ಒದಿಸ್ಕೊಂಡವರೆಲ್ಲ ಎದ್ದು ಹೋಗಿಲ್ಲೇನು? ನನಗ ಬೇಕಾಗಿದ್ದು ಔಷಧ ಅಲ್ಲ, ಒದಿ!”

ಆದರೆ ತನ್ನ ಕಾಲು ತನ್ನ ಕುತ್ತಿಗೆಗೆ ಎಟುಕುತ್ತದೆಯೇ? ಕಾಲು ಮುಂದಾಗಿ ಹುಟ್ಟಿದ ಇನ್ನೊಬ್ಬಳು ಅವಳಿಗೆ ಗೊತ್ತಿದ್ದದ್ದು ರಾಯಾಪುರದ ಗುರುಸಿದ್ದವ್ವ. ಮೈದುನನ ಹೆಂಡತಿ, ಬದ್ಧ ವೈರಿ. ಮನೆ ಪಾಲಾಗುವಾಗ ರೊಟ್ಟಿ ಹಲಗೆ ಯಾರದೆಂದು ಜಗಳ ಹತ್ತಿ, ಚನ್ನಬಸವ್ವ ಅದೇ ಹಲಗೆಯಿಂದ ಅವಳ ಬಾಯಿಗೆ ಬಾರಿಸಿದ್ದಳು. ಮುಂದಿನ ಎರಡು ಹಲ್ಲು ರಕ್ತದೊಂದಿಗೆ ಅಂಗಳಕ್ಕೆ ಬಿದ್ದಿದ್ದವು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ.

ಸೊಸೆಗೆ ಹೇಳದೆ ಚನ್ನಬಸವ್ವ ರಾಯಾಪುರದ ಬಸ್ಸು ಹತ್ತಿದಳು.

ಬಾಗಿಲು ತೆರೆದ ಗುರುಸಿದ್ದವ್ವ ಮೂಲೆಯ ಒನಕೆಗೆ ಕೈ ಹಾಕಿದಳು. “ಯಾಕ ಬಂದೀ? ಉಳಿದ ಹಲ್ಲು ಉದುರಸಾಕ?”

“ಒದಿಸ್ಕೊಳ್ಳಾಕ ಬಂದೇನಿ.” ಚನ್ನಬಸವ್ವ ಹೊಸ್ತಿಲ ಮೇಲೆ ಬೋರಲು ಬಿದ್ದಳು. “ಕುತ್ತಿಗಿ ಮ್ಯಾಲೆ. ಜಾಡ್ಸಿ ಒದಿ.”

ಬೇಡಿದ ದೇವರು ಬಾಗಿಲಿಗೇ ಬಂದಂತಾಯಿತು! ಇಷ್ಟು ವರ್ಷ ಮುಂದಿನ ಹಲ್ಲಿಲ್ಲದ ಬಾಯಿಯಲ್ಲಿ ರೊಟ್ಟಿ ನೆನೆಸಿ ತಿಂದವಳು ಗುರುಸಿದ್ದವ್ವ. ಸೀರೆ ಎತ್ತಿ ಕಟ್ಟಿದಳು. ಒಂದೇ ಒದೆಗೆ ಮುಗಿಸಲು ಮನಸ್ಸಾಗಲಿಲ್ಲ, ಮೊದಲು ಅವಳು ಚೀರುವುದನ್ನು ಕೇಳಬೇಕಿತ್ತು. ನೆಲದ ಮೇಲೆ ಚಾಚಿದ್ದ ಬಲಗೈಯ ಸುಟ್ಟ ಬೊಬ್ಬೆಗಳ ಮೇಲೆ ಹಿಮ್ಮಡಿ ಊರಿ ತಿರುವಿದಳು. ಬೊಬ್ಬೆ ಒಡೆದು ನೀರು, ರಕ್ತ ಕಲ್ಲಿಗೆ ಹತ್ತಿತು.

“ಚೀರು, ಮೂಳಿ!”

“ಯಾಕ ಚೀರ್ಲಿ? ಲಗೂ ಒದಿ, ಏನ್ ನೋಡಾಕತ್ತಿ?” ಎಂದಳು ಚನ್ನಬಸವ್ವ, ನೆಲಕ್ಕೆ ಮುಖ ಒತ್ತಿಕೊಂಡೇ.

ಒದೆಯಲು ಕಾಲು ಎತ್ತಿದ ಗುರುಸಿದ್ದವ್ವ, ಇವಳಿಗೆ ನೋವೇ ಆಗಿಲ್ಲವೆಂದು ಹೊಳೆದು ತಡೆದಳು. “ಡಾಕ್ಟರಿಗೆ ತೋರಿಸೀಯೇನು? ಏನಂದ್ರು? ಖರೇ ಹೇಳು, ಬಸವಣ್ಣನಾಣಿ ಐತಿ.”

ಆಣೆ ಇಟ್ಟ ಮೇಲೆ ಚನ್ನಬಸವ್ವ ಸುಳ್ಳಾಡುವವಳಲ್ಲ. “ಒದ್ರ ಎರಡೂ ಕೈ ಹೋಕ್ಕಾವಂತ. ಅವರಿಗೇನ ತಿಳೀತೈತಿ?”

ಎತ್ತಿದ ಕಾಲು ಎಲ್ಲಾದರೂ ಬೀಳಲೇಬೇಕಲ್ಲ. ಬಾಗಿಲ ಬಳಿಯ ನೀರಿನ ಕೊಡ ಹಾರಿ ಬೀದಿಗೆ ಉರುಳಿತು. ಕೆನ್ನೆಗೆ ಬಾರಿಸಲು ಕೈ ಎತ್ತಿದಳು, ಬಾರಿಸಿದರೆ ಕುತ್ತಿಗೆ ತಿರುಗುತ್ತದೆ ಎಂದು ಹೊಳೆದು ಕಸಬರಿಗೆ ತೆಗೆದುಕೊಂಡಳು. ಕಡ್ಡಿ ಮುರಿಯುವವರೆಗೆ ಮೀನಖಂಡಗಳಿಗೆ ಹೊಡೆದಳು.

“ನನ್ನ ಹಲ್ಲು ಉದುರಿಸಿದ ಕೈ ಅವು! ಅವು ಸತ್ರ ನನ್ನ ಸೇಡು ಯಾರ ಮ್ಯಾಲೆ ತೀರಿಸ್ಕೊಳ್ಳಲಿ? ಹೇಳಽ!”

ಹೊಡೆಯುತ್ತಲೇ ಗೊಳೋ ಎಂದು ಅತ್ತಳು. ಚನ್ನಬಸವ್ವನೂ ಅತ್ತಳು, ನೋವಿಗಲ್ಲ, ಹೆದರಿ. ತನಗೆ ಗೊತ್ತೇ ಆಗದೆ ಬೊಬ್ಬೆ ಒಡೆದ ಕೈಯನ್ನು ಅವಳು ಆಗಷ್ಟೇ ನೋಡಿದ್ದಳು.

ಮರುದಿನವೇ ಗುರುಸಿದ್ದವ್ವ ಬೈರಿದೇವರಕೊಪ್ಪಕ್ಕೆ ಬಂದು ಪಟ್ಟಿಯನ್ನು ತಾನೇ ಕಟ್ಟಿದಳು. ರಜನಿಯೊಂದಿಗೆ ಸೇರಿ ಹಲಗೆಯನ್ನು ಎದೆಮಟ್ಟದ ಕಟ್ಟೆಯ ಮೇಲೆ ಎತ್ತಿಟ್ಟಳು, ನಿಂತು ಬಡಿಯಲು. ಮೊದಲು ಬಡಿದವಳು ಅವಳೇ. ಚನ್ನಬಸವ್ವ ಪಕ್ಕದಲ್ಲಿ ಕೂತು, ಬೈಯುತ್ತ, ಹೇಳಿಕೊಟ್ಟ ವ್ಯಾಯಾಮ ಮಾಡುತ್ತಿದ್ದಳು. ಒದೆ ಕೇಳಿ ಬಂದವರನ್ನು ಒನಕೆ ತೋರಿಸಿ ದವಾಖಾನೆಗೆ ಅಟ್ಟಿದರು. ಸವೆದ ಎಲುಬು ಮತ್ತೆ ಬೆಳೆಯಲಿಲ್ಲ, ನೋವೂ ಪೂರ್ತಿ ಹೋಗಲಿಲ್ಲ. ದಿನಾ ಹೋಗುವ ಮುಂಚೆ ಗುರುಸಿದ್ದವ್ವ ಆ ಬೆರಳುಗಳನ್ನು ಉಗುರಿನಿಂದ ಚಿವುಟುವಳು. ದಿನಾ ಚನ್ನಬಸವ್ವನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ.

ಹಬ್ಬಕ್ಕೆ ಮುಂಚಿನ ಒಂದು ದಿನ ಚಿವುಟಿದಾಗ, “ಅಯ್ಯಯ್ಯೋ, ನಿನ್ನ ಕೈ ಸೇದಿಹೋಗ!” ಎಂದು ಚನ್ನಬಸವ್ವ ಚೀರಿ, ಅದೇ ಬಲಗೈಯಿಂದ ಅವಳ ಕೆನ್ನೆಗೆ ಛಟೀರನೆ ಬಾರಿಸಿದಳು.

ಗುರುಸಿದ್ದವ್ವ ಕೆನ್ನೆ ಹಿಡಿದುಕೊಂಡು, ಮುಂದಿನ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. “ರಜನಿ, ಬಾ ಇಲ್ಲಿ! ನಿಮ್ಮತ್ತಿ ಕೈಗೆ ಜೀವ ಬಂತು!”