ಪಾಠ ಕೇಳುವ ಟೀಚರ್

ಟೀಚರ್‌ಗೆ ಎಡಗಿವಿ ಮಂದ. ನಾನು ಪಾಠ ಒಪ್ಪಿಸುವಾಗ ಅವರು ಕುರ್ಚಿಯ ತುದಿಗೆ ಬಂದು ಕೂತು, ಬಲಗಿವಿಯ ಹಿಂದೆ ಅಂಗೈ ಇಟ್ಟು, ಕತ್ತನ್ನು ಕೊಕ್ಕರೆಯ ಹಾಗೆ ಮುಂದಕ್ಕೆ ಚಾಚುತ್ತಿದ್ದರು. ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಅದನ್ನು ಮೇಲಕ್ಕೆ ತಳ್ಳಿಕೊಳ್ಳಲೂ ಅವರಿಗೆ ಪುರುಸೊತ್ತಿಲ್ಲ. ಯಾರಿಗೂ ಗೊತ್ತಿಲ್ಲದ ಗುಟ್ಟೊಂದನ್ನು ಈ ಹುಡುಗಿ ಈಗ ಹೇಳಿಬಿಡುತ್ತಾಳೆ ಎಂಬಂಥ ಮುಖ. ಹಾಗೆ ಕೇಳಿಸಿಕೊಳ್ಳುವವರ ಮುಂದೆ ಬಾಯಿಗೆ ಬಂದದ್ದು ಒದರಿ ಎದ್ದು ಬರಲು ಯಾರಿಗೆ ತಾನೇ ಮನಸ್ಸಾಗುತ್ತದೆ, ನೀವೇ ಹೇಳಿ!

ನಾವು ಹಾಸನದವರು. ಬ್ಯಾಂಕಿನಲ್ಲಿದ್ದ ಅಪ್ಪನಿಗೆ ಕೊಚ್ಚಿಗೆ ವರ್ಗವಾದಾಗ ನಾನು ಆಗಷ್ಟೇ ಒಂಬತ್ತನೆಯ ತರಗತಿ ಮುಗಿಸಿದ್ದೆ, ಅದೂ ಕನ್ನಡ ಮಾಧ್ಯಮದಲ್ಲಿ. ಕಾಕ್ಕನಾಡಿನ ಫ್ಲ್ಯಾಟು, ಇಂಗ್ಲಿಷ್ ಶಾಲೆ, ಹತ್ತನೆಯ ತರಗತಿ, ಎಲ್ಲವೂ ಒಟ್ಟಿಗೆ ತಲೆಯ ಮೇಲೆ ಬಿದ್ದವು. ನನಗೋ ಮುಂದೆ ವಿಜ್ಞಾನವೇ ಬೇಕು, ಬೇರೆ ಮಾತಿಲ್ಲ. ಆದರೆ ವಿಜ್ಞಾನದ ಪೇಪರಿನಲ್ಲಿ ಒಳ್ಳೆಯ ಅಂಕ ಬಾರದಿದ್ದರೆ ಹನ್ನೊಂದನೆಯ ತರಗತಿಗೆ ಆ ಸೀಟು ಕೊಡುವುದಿಲ್ಲ ಎಂದು ಶಾಲೆಯವರು ಮೊದಲೇ ಹೇಳಿದ್ದರು. "ಸಿಗ್ಲಿಲ್ಲ ಅಂದ್ರೆ ಹಾಸನಕ್ಕೆ ಹೋಗಿ ಅತ್ತೆ ಮನೇಲಿದ್ಕೊಂಡು ಕಾಮರ್ಸ್ ಓದು," ಎಂದು ಅಪ್ಪ ತೀರ್ಪು ಕೊಟ್ಟುಬಿಟ್ಟರು.

ನಾನೇನು ಸುಮ್ಮನೆ ಕೂತವಳಲ್ಲ. ಕಲೂರಿನ ಅಂಗಡಿಯಿಂದ ಅಪ್ಪ ತಂದ ಗೈಡನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಉರು ಹೊಡೆದೆ. ಅರ್ಥ? ಅದನ್ನು ಕೇಳಬೇಡಿ. ಮಗ್ಗಿ ಒಪ್ಪಿಸುವ ಹಾಗೆ ಒಂದೇ ಉಸಿರಿನಲ್ಲಿ ಹೇಳಬಲ್ಲೆ, ಆದರೆ ಪಾಠದ ಮೊದಲಿನಿಂದ ಮಾತ್ರ. ನಕ್ಷತ್ರ ಯಾಕೆ ಮಿನುಗುತ್ತದೆ ಎಂದು ಯಾರಾದರೂ ಕೇಳಿದರೆ, ಮನುಷ್ಯನ ಕಣ್ಣಿನ ರಚನೆಯಿಂದ ಶುರುಮಾಡಿ, ಕನ್ನಡಕ, ಪ್ರಿಸಮ್ಮು, ಕಾಮನಬಿಲ್ಲು ಎಲ್ಲ ದಾಟಿ ಅಲ್ಲಿಗೆ ಬರಬೇಕು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕಣ್ಣಿನಲ್ಲಿದ್ದಾಗಲೇ ಗಂಟೆ ಹೊಡೆಯಿತು. ಅಂಕಪಟ್ಟಿ ನೋಡಿದ ಅಪ್ಪ ಅತ್ತೆಗೆ ಫೋನು ಮಾಡಿದರು.

ಅದೇ ವಾರ ಅಮ್ಮ ಲಿಫ್ಟಿನಲ್ಲಿ ನನಗೆ ಬೈಯುತ್ತಿದ್ದಾಗ ಪಕ್ಕದಲ್ಲಿ ನಿಂತಿದ್ದ ಹಿರಿಯ ಹೆಂಗಸೊಬ್ಬರು, "ಅಯ್ಯೋ, ಕನ್ನಡವಾ! ನೀವು ಎಲ್ಲಿಯವರು ಮಾರಾಯ್ರೇ?" ಎಂದು ಅಮ್ಮನ ಕೈಯನ್ನೇ ಹಿಡಿದುಕೊಂಡರು. ಅವರು ಕಾಸರಗೋಡಿನ ಕನ್ನಡ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಈಗ ನಮ್ಮ ಕೆಳಗಿನ ಮಹಡಿಯಲ್ಲಿ ಮಗಳ ಜೊತೆ ಇದ್ದಾರೆ ಎಂದು ಲಿಫ್ಟು ಕೆಳಗೆ ಮುಟ್ಟುವಷ್ಟರಲ್ಲಿ ತಿಳಿಯಿತು. ಇಡೀ ಕಟ್ಟಡ ಅವರನ್ನು ಟೀಚರ್ ಎನ್ನುತ್ತಿತ್ತು. ನಮಗೂ ಅವರು ಟೀಚರೇ ಆದರು.

ಮೊದಲ ದಿನ ಪಾಠಕ್ಕೆ ಹೋದಾಗ ಕುಡಿಯಲು ನೀರು ಕೊಟ್ಟರು. ಕೇರಳದವರು ಪದಿಮುಖ ಎಂಬ ಮರದ ಚಕ್ಕೆ ಹಾಕಿ ಕಾಯಿಸುವ ಗುಲಾಬಿ ಬಣ್ಣದ ನೀರು. ನಾನು ಲೋಟ ಎತ್ತುವಷ್ಟರಲ್ಲಿ, "ನಿಲ್ಲು, ನಿಲ್ಲು!" ಎಂದು ಅದಕ್ಕೆ ನಿಂಬೆಹಣ್ಣು ಹಿಂಡಿದರು. ಅಬ್ಬಾ! ಗುಲಾಬಿ ಮಾಯ, ನೀರು ಹಳದಿ! ಅದಕ್ಕೇ ಚಿಟಿಕೆ ಅಡುಗೆ ಸೋಡಾ ಹಾಕಿದರು. ಬುಸ್ಸೆಂದು ನೊರೆ ಎದ್ದು ಇಳಿಯಿತು, ಈಗ ಕೆಂಪು! ನಾನು ಕೂಗಿದ ಕೂಗಿಗೆ ಅವರ ಮಗಳು ಒಳಗಿನಿಂದ ಓಡಿ ಬಂದಳು.

"ಆಮ್ಲ, ಪ್ರತ್ಯಾಮ್ಲ ಅಂತ ಒಂದು ಪಾಠ ಉಂಟಲ್ಲ ನಿಂಗೆ? ಅದು ಇದುವೇ," ಎಂದರು ಟೀಚರ್. "ಇನ್ನು ನೀನು ಹೇಳು, ಇಲ್ಲಿ ಎಂತ ಆಯ್ತು?"

ನಾನು ಗೈಡಿನ ಮೊದಲ ಸಾಲು ಶುರುಮಾಡಿದೆ. ಅವರು ಅಂಗೈ ಕಿವಿಗಿಟ್ಟು ಪೂರ್ತಿ ಕೇಳಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದು ಪಾಠ ಅಲ್ಲ ಮಾರಾಯ್ತಿ, ಶ್ಲೋಕ! ಶ್ಲೋಕಕ್ಕೆ ದೇವರು ಮಾರ್ಕು ಕೊಟ್ಟಾನು, ಪೇಪರು ನೋಡುವವ ಕೊಡುವುದಿಲ್ಲ."

ಅಲ್ಲಿಂದ ಅವರ ಕ್ರಮ ಶುರುವಾಯಿತು. ಅವರು ಕಲಿಸುವುದು ಸ್ವಲ್ಪವೇ. ಅದನ್ನು ನಾನು ಮನೆಗೆ ಹೋಗಿ ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕು. "ಅಮ್ಮ ತಲೆ ಆಡಿಸಿದರೆ ಸಾಲದು, ಒಂದು ಪ್ರಶ್ನೆ ಕೇಳಬೇಕು. ಪ್ರಶ್ನೆ ಹುಟ್ಟಲಿಲ್ಲವಾ, ನೀನು ಹೇಳಿದ್ದು ಅವರಿಗೆ ಮುಟ್ಟಲಿಲ್ಲ ಅಂತ ಲೆಕ್ಕ." ಮರುದಿನ ಅದನ್ನೇ ಇಂಗ್ಲಿಷಿನಲ್ಲಿ ಟೀಚರ್‌ಗೆ ಹೇಳಬೇಕು. ಆಗ ಅವರು ಏನೂ ಅರಿಯದ ಹುಡುಗಿ. "ಅಯ್ಯೋ, ನಂಗೆ ಗೊತ್ತಿಲ್ಲ, ಹೌದಾ? ಯಾಕೆ?" ಎಂದು ಯಾಕೆ ಮೇಲೆ ಯಾಕೆ. ತಪ್ಪಿದರೆ ಬಾಯಿಬಿಟ್ಟು ಹೇಳುವುದಿಲ್ಲ, ತೋರುಬೆರಳು ಮೇಲೇಳುತ್ತದೆ ಅಷ್ಟೇ. ಆ ಬೆರಳನ್ನು ಕಂಡರೆ ನನಗೆ ಮೈಯೆಲ್ಲ ಬೆವರು!

ಅಮ್ಮನಿಗಂತೂ ಹಬ್ಬ. ಮಲಯಾಳ ಬಾರದೆ ದಿನವಿಡೀ ಗೋಡೆ ನೋಡುತ್ತಿದ್ದವಳು ಈಗ ಸೊಪ್ಪು ಬಿಡಿಸುತ್ತಾ ನನ್ನ ದಾರಿ ಕಾಯುತ್ತಿದ್ದಳು. ವಿದ್ಯುತ್ತಿನ ಪಾಠ ಬಂದಾಗ ಅವಳೇ ನನ್ನನ್ನು ಕೆಡವಿದಳು. ಮನೆಯ ದೀಪ, ಫ್ಯಾನು, ಮಿಕ್ಸಿಗಳನ್ನೆಲ್ಲ ಅಕ್ಕಪಕ್ಕ ಜೋಡಿಸಿರುತ್ತಾರೆ, ಕರೆಂಟು ಹಂಚಿಹೋಗುತ್ತದೆ ಎಂದು ನಾನು ಜಂಬದಿಂದ ವಿವರಿಸಿದೆ. ಅಮ್ಮ ಸೊಪ್ಪು ಕೆಳಗಿಟ್ಟಳು.

"ಅಲ್ವೇ, ಹಂಚ್ಕೊಂಡ್ರೆ ಎಲ್ರಿಗೂ ಕಮ್ಮಿ ಆಗ್ಬೇಕಲ್ಲ? ಮಿಕ್ಸಿ ಹಾಕಿದ್ರೆ ಫ್ಯಾನು ನಿಧಾನ ಯಾಕಾಗಲ್ಲ?"

ಟೀಚರ್ ಬಳಿಗೆ ಓಡಿದೆ. ಅವರು ಚಪ್ಪಾಳೆ ತಟ್ಟಿದರು. "ನಿನ್ನ ಅಮ್ಮ ಕೇಳಿದ್ದು ಸಮ ಪ್ರಶ್ನೆ! ನಾನು ಹೇಳುವುದಿಲ್ಲ. ನೀನೇ ಯೋಚನೆ ಮಾಡಿ ನಾಳೆ ಬಂದು ನಂಗೆ ಕಲಿಸು."

ಮರುದಿನ ಅವರ ಬಾಗಿಲಿಗೆ ಬೀಗ. ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಕಾವಲುಗಾರ ಹೇಳಿದ. ಆಮೇಲೆ ತಿರುವನಂತಪುರದಲ್ಲಿರುವ ಅವರ ಮಗ ಅಲ್ಲಿಗೆ ಕರೆದುಕೊಂಡು ಹೋದನಂತೆ, ಹೃದಯದ ಆಪರೇಷನ್ ಆಯಿತಂತೆ. ಪರೀಕ್ಷೆ ಎದುರಿಗೇ ನಿಂತಿತ್ತು. ಬೇರೆ ಟ್ಯೂಷನ್ ನೋಡೋಣ ಎಂದರು ಅಪ್ಪ. ನಾನು ಒಲ್ಲೆ ಎಂದು ಹಟ ಹಿಡಿದೆ. ಅತ್ತೆಗೆ ಇನ್ನೊಂದು ಫೋನು ಹೋಯಿತು. ಟೀಚರ್ ಬದುಕಲಿ ಎಂದು ಬೇಡುವುದೋ, ಸೀಟು ಸಿಗಲಿ ಎಂದು ಬೇಡುವುದೋ ತಿಳಿಯದೆ ಎರಡನ್ನೂ ಬೇಡಿಕೊಂಡು ಅಳುತ್ತಿದ್ದೆ.

ಪರೀಕ್ಷೆಗೆ ಮುಂಚಿನ ಭಾನುವಾರ ಅವರ ಮಗಳಿಂದ ಫೋನು ಬಂತು: "ಅಮ್ಮ ನಿಮ್ಮಿಬ್ಬರನ್ನೂ ಬರಲು ಹೇಳಿದ್ದಾರೆ. ನೀನು ಏನೋ ಕಲಿಸುವುದು ಬಾಕಿ ಉಂಟಂತೆ."

ಅಮ್ಮನೂ ನಾನೂ ವೈಟ್ಟಿಲದಲ್ಲಿ ತಿರುವನಂತಪುರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅಮ್ಮನ ಪ್ರಶ್ನೆಯನ್ನೇ ಜಗಿದೆ. ಬಸ್ಸು ಒಂದು ಊರಿನ ನಡುವೆ ನಿಂತಾಗ ಮನೆಗಳ ಮೇಲಿನ ಕಪ್ಪು ನೀರಿನ ಟ್ಯಾಂಕುಗಳು ಕಣ್ಣಿಗೆ ಬಿದ್ದವು. ಸಿಕ್ಕಿತು! ಸೀಟಿನಲ್ಲೇ ಕುಣಿದೆ, ಪಕ್ಕದವರು ಗಾಬರಿಯಾದರು.

ಮಗನ ಮನೆಯಲ್ಲಿ ಟೀಚರ್ ಹಾಸಿಗೆಯ ಮೇಲೆ ಒಂದು ಹಿಡಿಯಾಗಿದ್ದರು. ಮಾತಾಡಲೇಬಾರದು ಎಂದು ಡಾಕ್ಟರು ಹೇಳಿದ್ದಾರೆ ಎಂದ ಮಗ. ಅವರು ಮಾತಾಡಲಿಲ್ಲ. ಬಲಗಿವಿಯ ಹಿಂದೆ ಅಂಗೈ ಇಟ್ಟು ಕಣ್ಣು ಮುಚ್ಚಿಕೊಂಡರು.

ಅಮ್ಮನೂ ಕೇಳಲೆಂದು ನಾನು ಕನ್ನಡದಲ್ಲೇ ಶುರುಮಾಡಿದೆ. "ಟೀಚರ್, ಮನೆ ಮೇಲೆ ಟ್ಯಾಂಕಿದೆ. ಎಷ್ಟು ನಲ್ಲಿ ಬಿಟ್ರೂ ಟ್ಯಾಂಕಿನ ಎತ್ತರ ಅದೇ. ನೀರನ್ನ ತಳ್ಳೋದು ಆ ಎತ್ತರ, ಅದೇ ವೋಲ್ಟೇಜು. ಇನ್ನೊಂದು ನಲ್ಲಿ ಬಿಟ್ರೆ ಈ ನಲ್ಲಿಗೆ ಕಮ್ಮಿ ಆಗಲ್ಲ, ಟ್ಯಾಂಕಿಂದ ಹೊರಡೋ ಒಟ್ಟು ನೀರು ಜಾಸ್ತಿ ಆಗುತ್ತೆ. ಕರೆಂಟೂ ಹಂಗೇ, ಇದ್ದದ್ದನ್ನ ಹಂಚಲ್ಲ, ಬೇಕಾದಷ್ಟು ಹೊಸದಾಗಿ ಎಳ್ಕೊಳ್ಳುತ್ತೆ!"

ಬೆರಳು ಏಳಲಿಲ್ಲ. ಆದರೆ ಅಮ್ಮ ಬಿಡಬೇಕಲ್ಲ! "ಸುಳ್ಳು. ನಮ್ಮನೇಲಿ ಅಡುಗೆಮನೆ ನಲ್ಲಿ ಬಿಟ್ರೆ ಬಚ್ಚಲಲ್ಲಿ ನೀರು ಸಣ್ಣಗಾಗುತ್ತೆ."

ನಾನು ಟೀಚರ್ ಮುಖ ನೋಡಿದೆ. ಕಾಪಾಡುವವರಿಗೆ ಮಾತಾಡುವ ಹಾಗಿಲ್ಲ. ಆಮೇಲೆ ನನಗೇ ತಿಳಿಯದಂತೆ ಕೂಗಿದೆ: "ಪೈಪು ಸಣ್ಣದು ಅಮ್ಮಾ! ಎರಡಕ್ಕೂ ಬರೋ ಪೈಪು ಒಂದೇ! ಹಾಸನದ ಮನೇಲಿ ಬೋರಿನ ಮೋಟರ್ ಹಾಕಿದ್ರೆ ಲೈಟು ಮಂಕಾಗ್ತಿರಲಿಲ್ವಾ? ಅಲ್ಲಿ ವೈರು ತೆಳ್ಳಗಿತ್ತು, ರೆಸಿಸ್ಟೆನ್ಸು ಜಾಸ್ತಿ! ಇಲ್ಲಿ ವೈರು ದಪ್ಪ, ಅದಕ್ಕೇ ಫ್ಯಾನಿಗೆ ಗೊತ್ತೇ ಆಗಲ್ಲ!"

"ಹೌದಲ್ವೇ!" ಎಂದಳು ಅಮ್ಮ.

ಟೀಚರ್ ಅಲುಗಾಡಲಿಲ್ಲ. "ನಿದ್ದೆ ಬಂತೇನೋ ಪಾಪ," ಎಂದು ಅಮ್ಮ ಪಿಸುಗುಟ್ಟಿದಳು.

ಟೀಚರ್ ಕಣ್ಣು ತೆರೆದರು. "ನಿದ್ದೆ ಎಲ್ಲಿಂದ? ಒಂದು ತಪ್ಪಾದರೂ ಸಿಗ್ತದಾ ಅಂತ ಕಾಯ್ತಾ ಇದ್ದೆ. ಸಿಗಲಿಲ್ಲ ಮೋಳೇ." ಮೋಳೇ ಎಂದರೆ ಮಲಯಾಳದಲ್ಲಿ ಮಗಳೇ. ಮಗ ಓಡಿಬಂದು ಗದರಿದ. ಅವರು ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಬಾಯಿಗೆ ಸೆರಗು ಒತ್ತಿಕೊಂಡರು.

ಪರೀಕ್ಷೆಯಲ್ಲಿ ನಾನು ಒಂದು ಸಾಲನ್ನೂ ಗೈಡಿನಿಂದ ಬರೆಯಲಿಲ್ಲ. ಇಂಗ್ಲಿಷು ಕುಂಟಿತು, ಕುಂಟಲಿ! ಪ್ರತಿ ಪ್ರಶ್ನೆಯ ಆಚೆ ಬದಿಯಲ್ಲೂ ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದಾಳೆಂದುಕೊಂಡು ಬರೆದೆ. ಫಲಿತಾಂಶ ಬಂತು, ಸೀಟು ಸಿಕ್ಕಿತು. ಅಪ್ಪ ಅತ್ತೆಗೆ ಮಾಡಿದ ಮೂರನೆಯ ಫೋನು ಬೇರೆಯೇ ದನಿಯಲ್ಲಿತ್ತು. ನಾನು ತಿರುವನಂತಪುರಕ್ಕೆ, ಟೀಚರ್‌ಗೆ ಫೋನು ಮಾಡಿದೆ.

"ಟೀಚರೇ, ಸಿಕ್ತು!"

"ಹೌದಾ! ಹಾಗಾದರೆ ಹನ್ನೊಂದರ ಪುಸ್ತಕ ಹಿಡ್ಕೊಂಡು ಬಾ. ನಂಗೆ ಎಲ್ಲ ಮರೆತುಹೋಗಿದೆ, ಕಲಿಸು."

ಎರಡು ವರ್ಷ, ರಜೆ ಸಿಕ್ಕಾಗಲೆಲ್ಲ ಹೋಗಿ ಕಲಿಸಿದೆ. ಈಗ ನಾನು ತಿರುವನಂತಪುರದಲ್ಲೇ ಭೌತಶಾಸ್ತ್ರ ಓದುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಟೀಚರ್ ಹೋದರು. ಸುದ್ದಿ ತಿಳಿದು ಹಾಸ್ಟೆಲಿನಿಂದ ಹೋದಾಗ ಕಾಸರಗೋಡಿನಿಂದ ಅವರ ಹಳೆಯ ವಿದ್ಯಾರ್ಥಿಗಳು ಬಂದು ಜಗಲಿ ತುಂಬಿದ್ದರು. ತಲೆ ನರೆತವರೊಬ್ಬರು, "ಹೃದಯ ಹೇಗೆ ಬಡಿಯುವುದು ಅಂತ ಟೀಚರಿಗೆ ಹೇಳಿಕೊಟ್ಟದ್ದು ನಾನು. ಅವರಿಗೆ ಗೊತ್ತಿರಲೇ ಇಲ್ಲ," ಎಂದು ಪಕ್ಕದವರಿಗೆ ಹೇಳುತ್ತಿದ್ದರು. "ಹೋಗಾ! ನಂಗೆ ಬೇರಿನ ಪಾಠ ಹೇಳಿಕೊಡು ಅಂತ ಅಂಗಲಾಚಿದ್ದರು ಅವರು," ಎಂದರು ಇನ್ನೊಬ್ಬರು. ಸತ್ತ ಮನೆಯಲ್ಲಿ ಎಲ್ಲರೂ ನಕ್ಕರು. ಬೆಳಕು, ಲವಣ, ಗುರುತ್ವ, ಎಲ್ಲವನ್ನೂ ಅವರಿಗೆ ಕಲಿಸಿದವರು ಅಲ್ಲಿದ್ದರು.

ಆ ಹಿರಿಯರು ನನ್ನತ್ತ ತಿರುಗಿದರು. "ನೀನು ಎಂತ ಕಲಿಸಿದ್ದು ಮಗಾ?"

"ಕರೆಂಟು," ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ನುಗ್ಗಿ ಬಂತು. ಅವರು ಸ್ವಲ್ಪ ಸರಿದು, ತಮ್ಮ ಪಕ್ಕದಲ್ಲಿ ನನಗೆ ಜಾಗ ಮಾಡಿಕೊಟ್ಟರು.