ತೊಳೆದ ಮಾವಿನಕಾಯಿ

ಪಕ್ಕದ ಮನೆಯ ತಂಗಮ್ಮ ಬೆಳಿಗ್ಗೆ ಬಂದು ಒಂದು ಬುಟ್ಟಿ ಕಾಡುಮಾವಿನಕಾಯಿ ಇಟ್ಟು ಹೋದಳು. ತೊಟ್ಟು ಮುರಿದ ಕಡೆಯಲ್ಲೆಲ್ಲ ಸೊನೆ ಒಸರಿ, ಅಡುಗೆಮನೆ ತುಂಬ ಅದರದೇ ವಾಸನೆ. ಈ ವಾಸನೆಗೆ ಬೇರೆಯವರ ಬಾಯಲ್ಲಿ ನೀರು ಬರುತ್ತದೆ. ನನಗೆ ಆಸ್ಪತ್ರೆಯ ಫಿನಾಯಿಲ್ ನೆನಪಾಗುತ್ತದೆ. ಯಾಕೆ ಅಂತ ಹೇಳುತ್ತೇನೆ, ಕೂತುಕೊಳ್ಳಿ. ನಾನು ಓದಿದ್ದು ಮಾದಾಪುರದ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಅಂದವಾಗಿ ಹೇಳಲು ಬರುವುದಿಲ್ಲ, ಆದದ್ದನ್ನು ಹೇಳುತ್ತೇನೆ.

ಆರು ವರ್ಷದ ಹಿಂದಿನ ಮಾತು. ಮೊಮ್ಮಗಳು ಜಾನುವಿಗೆ ಆಗ ಏಳು. ಒಂದು ಬೆಳಿಗ್ಗೆ ಎದ್ದಾಗ ಅವಳ ಕಣ್ಣು ಊದಿಕೊಂಡಿತ್ತು. ಜೇನುಹುಳ ಕಡಿದಿರಬೇಕು ಅಂದೆ. ನಾಲ್ಕು ದಿನದಲ್ಲಿ ಕಾಲೂ ಊದಿ ಚಪ್ಪಲಿ ಹಿಡಿಯದ ಹಾಗಾಯಿತು. ಮಡಿಕೇರಿಯ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿಗೆ ಸೇರಿಸಿದೆವು. ಕಿಡ್ನಿಯ ತೊಂದರೆ ಅಂದರು ಡಾಕ್ಟರು. ಸೊಸೆಯ ಕೈಯಲ್ಲಿ ಹಸುಗೂಸು, ಮಗನಿಗೆ ಪಿಕಪ್ ಓಡಿಸುವ ಕೆಲಸ. ಹಾಗಾಗಿ ಮಗುವಿನ ಜೊತೆ ನಿಂತವಳು ನಾನು.

ಡಾಕ್ಟರು ಹೇಳಿದ್ದು ಎರಡೇ ಮಾತು. ಮಾತ್ರೆ ತಪ್ಪಿಸಬಾರದು; ಊತ ಇಳಿಯುವವರೆಗೆ ಉಪ್ಪು ಕೊಡಬಾರದು. ಪ್ಯಾಕೆಟ್ ತಿಂಡಿಯಂತೂ ಬೇಡವೇ ಬೇಡ ಅಂತ ಕೊನೆಗೆ ಸೇರಿಸಿದರು. ಆ ಪ್ಯಾಕೆಟ್ ಅನ್ನುವ ಮಾತು ಕೇಳಿದ್ದೇ ನನಗೆ ಕೋಡು ಮೂಡಿತು. ನಮ್ಮ ಮನೆಗೆ ಅದನ್ನು ತರಲು ನಾನು ಬಿಟ್ಟವಳೇ ಅಲ್ಲ.

ಪಕ್ಕದ ಮಂಚದಲ್ಲಿ ನೆಲ್ಯಹುದಿಕೇರಿಯ ಸರೋಜಿನಿ ಇದ್ದಳು, ಕಾಫಿ ಎಸ್ಟೇಟಿನ ಕೂಲಿಲೈನಿನ ಮನೆಯವಳು. ಅವಳ ಮಗಳಿಗೂ ಇದೇ ಕಾಯಿಲೆ. ಮಗು ಹಟ ಹಿಡಿಯಿತು ಅಂತ ಗೇಟಿನಾಚೆಯ ಅಂಗಡಿಯಿಂದ ಚಿಪ್ಸ್ ತಂದುಕೊಟ್ಟಳು. ನಾನು ಎದ್ದು ಹೋಗಿ ಪ್ಯಾಕೆಟ್ ಕಿತ್ತು ಕಸದ ಡಬ್ಬಿಗೆ ಹಾಕಿದೆ.

“ನೀನೇನು ತಾಯಿಯೇನೇ? ಮಗೀಗೆ ವಿಷ ಹಾಕ್ತಾ ಇದೀಯಲ್ಲ!”

“ಗಂಜಿ ಉಗೀತಾಳೆ ಅಜ್ಜಿ. ಉಪವಾಸ ಕೂರಿಸ್ಲಾ?”

“ಮನೇದು ತಿನ್ಸು. ಮನೇದು ಯಾರನ್ನೂ ಕೊಂದಿಲ್ಲ.”

ಇಡೀ ವಾರ್ಡಿಗೆ ಕೇಳುವ ಹಾಗೆ ಅಂದೆ. ಸರೋಜಿನಿ ಗೋಡೆ ಕಡೆ ತಿರುಗಿ ಕೂತಳು.

ಆ ವಾರ್ಡಿನ ಶೈನಿ ಸಿಸ್ಟರಿಗೆ ಒಂದು ಪದ್ಧತಿ ಇತ್ತು. ಊಟದ ಹೊತ್ತಿಗೆ ಒಂದು ತಟ್ಟೆಯಲ್ಲಿ ನಿಂಬೆಹೋಳು, ಕೊತ್ತಂಬರಿ ಸೊಪ್ಪು, ಹುರಿದ ಜೀರಿಗೆಯ ಪುಡಿ ಇಟ್ಟುಕೊಂಡು ಮಂಚದಿಂದ ಮಂಚಕ್ಕೆ ಬರುವರು. ಸಪ್ಪೆ ಗಂಜಿಗೆ ಯಾವುದು ಬೇಕು ಅಂತ ಮಕ್ಕಳನ್ನೇ ಕೇಳುವರು. ಅಳುವ ಮಕ್ಕಳೂ ಬೆರಳು ತೋರಿಸುತ್ತಿದ್ದವು. ನನಗೆ ನಗು ಬಂತು.

“ಮಕ್ಳನ್ನೇನು ಕೇಳೋದು ಸಿಸ್ಟರೇ? ಬಡಿಸಿದ್ದು ತಿನ್ಬೇಕು.”

“ತಿನ್ನೋದು ಅವಳಲ್ವಾ ಅಜ್ಜಿ? ನೀವಲ್ಲವಲ್ಲ.”

ಜಾನು ನಿಂಬೆ ಆರಿಸಿಕೊಂಡು ಅರ್ಧ ಬಟ್ಟಲು ಕುಡಿದಳು. ಸಿಸ್ಟರು ಜಾಣೆ ಅಂದರು. ನನಗೆ ಅರ್ಧ ಬಟ್ಟಲು ಒಪ್ಪಿಗೆಯಾಗಲಿಲ್ಲ. ಐದು ಮಕ್ಕಳನ್ನು ಸಾಕಿದವಳು ನಾನು. ಬಟ್ಟಲು ಖಾಲಿಯಾದರೆ ಮಾತ್ರ ಮಗು ಉಂಡ ಹಾಗೆ ನನಗೆ. ಮಗನಿಗೆ ಹೇಳಿ ಮನೆಯ ಭರಣಿಯಿಂದ ಉಪ್ಪುನೀರಿನ ಮಾವಿನಕಾಯಿ ತರಿಸಿದೆ. ನಮ್ಮದೇ ಮರದ್ದು, ನನ್ನದೇ ಕೈಯದ್ದು. ಅಷ್ಟು ಬುದ್ಧಿ ಇಲ್ಲದವಳಲ್ಲ. ನಲ್ಲಿಯ ಕೆಳಗೆ ಹಿಡಿದು ಮೂರು ಸಲ ತೊಳೆದೆ. ಉಪ್ಪು ಹೋಯಿತು ಅಂದುಕೊಂಡೆ. ಗಂಜಿಗೆ ಕಿವುಚಿ ಕೊಟ್ಟರೆ ಜಾನು ಬಟ್ಟಲು ನೆಕ್ಕಿದಳು.

ದಿನಾ ಸಿಸ್ಟರು ಕೇಳುತ್ತಿದ್ದರು, “ಗಂಜಿಗೆ ಉಪ್ಪು ಹಾಕಿದ್ರಾ ಅಜ್ಜಿ?”

“ಹಾಕಿಲ್ಲ.”

ಸುಳ್ಳಲ್ಲ ನೋಡಿ. ಉಪ್ಪು ಹಾಕಿದ್ದು ಅದರ ಹಿಂದಿನ ಬೇಸಿಗೆಯಲ್ಲಿ, ಭರಣಿಗೆ. ಗಂಜಿಗಲ್ಲ. ಜಾನುವನ್ನೂ ಕೇಳುತ್ತಿದ್ದರು, ಗಂಜಿ ಜೊತೆ ಏನು ತಿಂದೆ ಅಂತ. ಅವಳು ಒಮ್ಮೆ ನನ್ನ ಮುಖ ನೋಡಿ “ನಿಂಬೆಹಣ್ಣು” ಅನ್ನುವಳು. ಹಾಗೆ ಹೇಳು ಅಂತ ನಾನು ಹೇಳಿಕೊಟ್ಟಿರಲಿಲ್ಲ. ಹುಡುಗಿ ಚುರುಕು ಅಂತ ಒಳಗೇ ಹಿಗ್ಗಿದೆ. ಇವತ್ತಿಗೂ ನನಗೆ ಚುಚ್ಚುವುದು ಆ ಹಿಗ್ಗು.

ಊತದ ನೀರು ಎಷ್ಟು ಇಳಿಯಿತು ಅಂತ ನೋಡಲು ಬೆಳಿಗ್ಗೆ ಬೆಳಿಗ್ಗೆ ಮಕ್ಕಳನ್ನು ತೂಕ ಮಾಡುತ್ತಿದ್ದರು. ಸರೋಜಿನಿಯ ಮಗಳ ತೂಕ ಇಳಿಯಿತು, ಕಾಲುಗೆಜ್ಜೆ ಸಡಿಲವಾಯಿತು. ಜಾನುವಿನ ಕಣ್ಣು ಮಾತ್ರ ಬಿರಿಯಲೊಲ್ಲದು. ಒಂದು ದಿನ ಡಾಕ್ಟರು ಹೇಳಿದರು: “ಮಾತ್ರೆ ಕೊಟ್ರೂ ನೀರು ಇಳೀತಾ ಇಲ್ಲ. ಮೈಸೂರಿಗೆ ಕಳಿಸೋಣ. ಬೆನ್ನಿಂದ ಸೂಜಿ ಹಾಕಿ, ಕಿಡ್ನಿಯ ಸಣ್ಣ ಚೂರು ತೆಗೆದು ನೋಡ್ಬೇಕಾಗ್ಬಹುದು.”

ಜಾನು ನನ್ನ ಸೆರಗು ಹಿಡಿದಳು. “ಸೂಜಿ ಎಷ್ಟುದ್ದ ಇರ್ತದೆ ಅಜ್ಜಿ?”

ಆಗಲೂ ಅವಳು ಮಾವಿನಕಾಯಿಯ ಮಾತೆತ್ತಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡರೂ ಈ ಮಗು ಅಜ್ಜಿಯನ್ನು ಬಿಟ್ಟುಕೊಡುವುದಿಲ್ಲ ಅಂತ ನನಗೆ ಗೊತ್ತಾಯಿತು. ಮಂಚದಡಿಯ ಸ್ಟೀಲ್ ಡಬ್ಬಿ ತೆಗೆದು ಡಾಕ್ಟರ ಕೈಯಲ್ಲಿಟ್ಟೆ.

“ಇದೇನಜ್ಜಿ?”

“ಮಾವಿನಕಾಯಿ. ಉಪ್ಪುನೀರಿಂದು. ದಿನಾ ಕೊಟ್ಟಿದೀನಿ. ತೊಳ್ದು ಕೊಟ್ಟೆ.”

ತೊಳೆದು ಅನ್ನುವ ಮಾತು ಬಾಯಿಂದ ಬೀಳುವಾಗಲೇ ಅದರ ದಡ್ಡತನ ನನಗೆ ಕೇಳಿಸಿತು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ವರ್ಷ ಪೂರ್ತಿ ಉಪ್ಪಲ್ಲಿ ಕೂತದ್ದು ನಲ್ಲಿ ನೀರಿಗೆ ಹೋಗ್ತದಾ? ಇದೊಂದೇ ಕಾರಣ ಅಂತ ನಾನು ಹೇಳೋಕಾಗಲ್ಲ. ನಾಲ್ಕು ದಿನ ನೋಡೋಣ. ಆಮೇಲೆ ಮೈಸೂರು.”

ಅವರು ಹೋದ ಮೇಲೆ ಸರೋಜಿನಿ ಮೆಲ್ಲಗೆ ಅಂದಳು, “ಪ್ಯಾಕೆಟ್ ಮೇಲಾದ್ರೂ ಉಪ್ಪು ಇದೆ ಅಂತ ಬರ್ದಿರ್ತಾರೆ ಅಜ್ಜಿ. ನಿಮ್ಮ ಭರಣಿ ಮೇಲೆ ಏನು ಬರ್ದಿತ್ತು?”

ಈ ಸಲ ಗೋಡೆ ಕಡೆ ತಿರುಗಿ ಕೂತವಳು ನಾನು.

ಮಧ್ಯಾಹ್ನ ಸಿಸ್ಟರು ಬಂದಾಗ ಅವರ ಕೈಯಿಂದ ತಟ್ಟೆ ನಾನೇ ಇಸಕೊಂಡೆ. ಜಾನುವಿನ ಮುಂದೆ ಹಿಡಿದು ಕೇಳಿದೆ, “ಯಾವ್ದು ಬೇಕೇ?” ಐದು ಮಕ್ಕಳಲ್ಲಿ ಒಬ್ಬರನ್ನೂ ಹಾಗೆ ಕೇಳಿದವಳಲ್ಲ.

ಅವಳು ತಟ್ಟೆ ನೋಡಲಿಲ್ಲ. “ನೀನೂ ತಿಂತೀಯಾ?” ಅಂದಳು.

ತಿಂದೆ. ಸಪ್ಪೆ ಗಂಜಿ ಗಂಟಲಲ್ಲಿ ಇಳಿಯುವುದಿಲ್ಲ ಸ್ವಾಮಿ. ಎರಡನೇ ತುತ್ತಿಗೆ ಅಸಹ್ಯವಾಯಿತು. ಇದನ್ನು ಅರ್ಧ ಬಟ್ಟಲು ಕುಡಿದ ಮಗುವಿಗೆ ಸಾಲದು ಅಂದಿದ್ದೆನಲ್ಲ! ನನ್ನ ಮುಖ ನೋಡಿ ಜಾನು ಜೀರಿಗೆಪುಡಿ ತೋರಿಸಿದಳು. “ನಿಂಗೆ ಇದು ಹಾಕ್ಕೋ ಅಜ್ಜಿ. ನಂಗೆ ನಿಂಬೆ.” ಅವತ್ತಿಂದ ಒಂದೇ ಹೊತ್ತಿಗೆ ಎರಡು ಬಟ್ಟಲು. ಅರ್ಧ ಸಾಕು ಅಂದರೆ ಅರ್ಧ.

ನಾಲ್ಕನೇ ಬೆಳಿಗ್ಗೆ ತೂಕ ಇಳಿದಿತ್ತು. ವಾರದಲ್ಲಿ ಕಾಲು ಚಪ್ಪಲಿಯೊಳಗೆ ಹೋಯಿತು. ಮೈಸೂರಿಗೆ ಹೋಗಬೇಕಾಗಲಿಲ್ಲ. ಕಾಯಿಲೆ ಆಮೇಲೂ ಎರಡು ಸಲ ಬಂದು ಹೋಗಿದೆ. ಅದರ ಗುಣವೇ ಹಾಗಂತೆ. ನನ್ನ ಭರಣಿಯಿಂದ ಬಂದದ್ದಲ್ಲ ಅನ್ನುವುದಷ್ಟೇ ನನಗೆ ಸಮಾಧಾನ.

ಜಾನು ಈಗ ನನಗಿಂತ ಎತ್ತರ. ಇವತ್ತು ಸಂಜೆ ಸ್ಕೂಲಿಂದ ಬಂದವಳು ತಂಗಮ್ಮನ ಬುಟ್ಟಿ ನೋಡಿ ನಿಂತಳು. “ಏನು ಮಾಡ್ಲಿ ಇದನ್ನ?” ಅಂತ ಕೇಳಿದೆ. ಬೆಲ್ಲ ಹಾಕಿ ಗೊಜ್ಜು ಮಾಡು ಅಂದಳು. ಮಾಡಿದೆ.

ತಟ್ಟೆಗೆ ಬಡಿಸಿದಾಗ ಅವಳ ಕೈ ತಡೆಯಿತು. ಅವರಮ್ಮ ಬಡಿಸಿದರೆ ಸುಮ್ಮನೆ ಉಣ್ಣುತ್ತಾಳೆ. ನಾನು ಬಡಿಸಿದರೆ ಮಾತ್ರ ಇವತ್ತಿಗೂ ಕೇಳುತ್ತಾಳೆ.

“ಉಪ್ಪು ಹಾಕಿದೀಯಾ ಅಜ್ಜಿ?”

“ಇವತ್ತು ಹಾಕಿದ್ದು ಒಂದು ಚಿಟಿಕೆ,” ಅಂದೆ. “ಮೊದ್ಲೇ ಹಾಕಿಟ್ಟಿದ್ದು ಏನೂ ಇಲ್ಲ.”

ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಅನ್ನ ಕಲಸಿದಳು.