ಕಂಪ್ಯೂಟರಿನಲ್ಲಿ ಹಿಡಿಸದ ಅಜ್ಜಿಯ ಪದ

ಹಗಲು ಹೊತ್ತು ಕರೆಂಟು ಇದ್ದರೆ ಅದೇ ಹಬ್ಬ ಅನ್ನುತ್ತಿದ್ದ ಕಾಲ. ಮೊಬೈಲು ನಮ್ಮ ಕಡೆಗಿನ್ನೂ ತಲೆ ಹಾಕಿರಲಿಲ್ಲ. ಜವನಗೊಂಡನಹಳ್ಳಿಯಾಚೆಗಿನ ನಮ್ಮ ಹಟ್ಟಿಗೆ ಒಂದು ಬೇಸಿಗೆಯಲ್ಲಿ ಕಂಪ್ಯೂಟರು ಬಂತು. ಚಿಕ್ಕಪ್ಪ ಹಿರಿಯೂರಿನ ಟೈಪಿಂಗ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅಂಗಡಿಯವರು ಮೂಲೆಗೆ ಹಾಕಿದ್ದ ಹಳೆಯದನ್ನು ಅವನು ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದ. ಆ ಉಣ್ಣೆಯ ವಾಸನೆ ಅದರಿಂದ ಕೊನೆಯವರೆಗೂ ಹೋಗಲಿಲ್ಲ.

ಚಿಕ್ಕಪ್ಪನ ಹಿಂದೆ ಅಂಗಡಿಗೆ ಹೋಗಿ ನಾಲ್ಕಕ್ಷರ ಕಲಿತಿದ್ದ ನನ್ನ ಜಂಬ ಕೇಳಬೇಡಿ. ಗೆಳತಿಯರು ಕುಂಟೆಬಿಲ್ಲೆಗೆ ಕರೆದರೆ "ಕೆಲ್ಸ ಐತೆ, ಹೋಗ್ರೇ" ಅನ್ನುತ್ತಿದ್ದೆ. ಏನು ಕೆಲಸ, ಮಣ್ಣು! ಹುರಿಗಡಲೆ, ಬೆಲ್ಲ ಮೆಲ್ಲುತ್ತ ಆಟ ಆಡುವುದು, ಹೂವಿನ ಚಿತ್ರ ಬರೆದು ಬರೆದು ತುಂಬಿಡುವುದು.

ಆಗ ಅಜ್ಜಿಗೆ ಏದುಸಿರು ಶುರುವಾಗಿತ್ತು. ಮನೆದೇವರ ಪದ ಪೂರ್ತಿ ಬರುತ್ತಿದ್ದದ್ದು ಅವಳೊಬ್ಬಳಿಗೇ. ಅಮ್ಮ, ಚಿಕ್ಕಮ್ಮ ಅವಳ ಹಿಂದೆ ಸೊಲ್ಲು ಹಿಡಿಯುತ್ತಿದ್ದರು, ಅಷ್ಟೇ. ಕುರಿಹಿಂಡು ಹೊಡೆದುಕೊಂಡು ಅಡವಿಯಿಂದ ಹೊರಟ ದೇವರು ಹಳ್ಳ ದಾಟಿ ನಮ್ಮ ಹಟ್ಟಿ ಸೇರುವ ಕತೆ ಅದು. ಒಮ್ಮೆ ಎತ್ತಿದರೆ ಮಂಗಳ ಹಾಡುವವರೆಗೆ ನಿಲ್ಲಿಸುವಂತಿಲ್ಲ. ನಡುವೆ ಬಿಟ್ಟರೆ ದೇವರು ದಾರಿಯಲ್ಲೇ ನಿಂತುಬಿಡುತ್ತಾನೆ ಎಂಬ ನಂಬಿಕೆ. ಒಲೆಯ ಮೇಲೆ ಹಾಲು ಉಕ್ಕಿದರೂ ಯಾರೂ ಏಳುತ್ತಿರಲಿಲ್ಲ.

"ಅಜ್ಜಿ, ಇದ್ರಾಗೆ ಹಾಡಿಟ್ರೆ ಯಾವತ್ತೂ ಮರೆಯಲ್ಲ," ಅಂದೆ.

"ನಂಗೇ ಮರೀತಾ ಬಂತು, ಈ ಡಬ್ಬಿಗೆ ನೆಪ್ಪಿರುತ್ತೇನೇ?"

"ಇರುತ್ತೆ. ನನ್ನಾಣೆ."

ಮಾರನೆಯ ದಿನ ಅಜ್ಜಿ ತಲೆಗೆ ನೀರು ಹಾಕಿಕೊಂಡು, ದೀಪ ಹಚ್ಚಿ, ಲೋಬಾನದ ಹೊಗೆ ಹಾಕಿ ಕರಿಕಂಬಳಿಯ ಮೇಲೆ ಕುಂತಳು. ಅಕ್ಕಪಕ್ಕದ ಹೆಂಗಸರೂ ಬಂದರು. ಚಿಕ್ಕಪ್ಪ ಕೊಟ್ಟು ಹೋಗಿದ್ದ ಮೈಕನ್ನು ಅವಳ ಮುಂದಿಟ್ಟು ನಾನು ಗುಂಡಿ ಒತ್ತಿದೆ.

ಪದದಲ್ಲಿ ದೇವರು ಹಳ್ಳದ ದಂಡೆಗೆ ಬಂದಿದ್ದ. ಅಷ್ಟರಲ್ಲಿ ಪರದೆಯ ಮೇಲೆ ಒಂದು ಚೌಕ ಎದ್ದಿತು. ವರ್ಚುಯಲ್ ಮೆಮೊರಿ ಸಾಲದು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅದು ನನಗೆ ತಿಳಿಯದ್ದೇನಲ್ಲ. "ರೊಪ್ಪ ತುಂಬಿದ್ರೆ ಮಿಕ್ಕ ಕುರೀನ ಹಿತ್ಲಾಗೆ ಕೂಡ್ತೀವಲ್ಲ, ಹಂಗೇ ಇದೂ ಮಿಕ್ಕಿದ್ನ ಡಿಸ್ಕಿಗೆ ದಬ್ಬುತ್ತೆ. ಹಿತ್ಲೂ ತುಂಬ್ತು ಅಂದಾಗ ಹಿಂಗೆ ಕೂಗುತ್ತೆ. ಆಗ ನಿಲ್ಸಿ ಸೇವ್ ಮಾಡ್ಬೇಕು," ಎಂದು ಚಿಕ್ಕಪ್ಪ ಹೇಳಿಕೊಟ್ಟಿದ್ದ. ಆ ಹಿತ್ತಲನ್ನು ನನ್ನ ಆಟ, ನನ್ನ ಹೂವುಗಳೇ ತುಂಬಿದ್ದವು.

ನಿಲ್ಲಿಸು ಅಂತ ಅಜ್ಜಿಗೆ ಹೇಗೆ ಹೇಳಲಿ? ದೇವರು ಹಳ್ಳದ ದಂಡೆಯಲ್ಲಿದ್ದಾನೆ. ಓಕೆ ಒತ್ತಿದೆ. ಚೌಕ ಮತ್ತೆ ಎದ್ದಿತು, ಮತ್ತೆ ಒತ್ತಿದೆ. ಆಮೇಲೆ ಬಾಣದ ಗುರುತೂ ಅಲುಗಲಿಲ್ಲ. ಸತ್ತ ಯಂತ್ರದ ಮುಂದೆ ಅಜ್ಜಿ ಏದುಸಿರು ಬಿಡುತ್ತ ಮಂಗಳದವರೆಗೂ ಹಾಡಿದಳು.

"ಎಲ್ಲಿ, ಕೇಳ್ಸು ನೋಡಾಣ."

"ಬರ್ಲಿಲ್ಲ ಅಜ್ಜಿ," ಅಂದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅಬ್ಬಬ್ಬಾ, ದೊಡ್ಡ ಇಂಜಿನೀರಮ್ಮ!" ಅಂದಳು ಅಮ್ಮ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅಜ್ಜಿ ನಗಲಿಲ್ಲ. ಏನಾಯಿತೆಂದು ಕೇಳಿದಳು, ಹೇಳಿದೆ.

"ರೊಪ್ಪ ತುಂಬೈತೆ ಅಂತ ಅದು ಬಾಯಿಬಿಟ್ಟು ಹೇಳ್ತಾ ಐತೆ, ನೀನು ಕುರಿ ನೂಕ್ತಾನೇ ಇದ್ದೀಯಲ್ಲೇ?"

"ನಡುವೆ ನಿಲ್ಸಂಗಿಲ್ಲ ಅಂತ ನೀನೇ ಅಂದಿದ್ದೆ," ಎನ್ನುತ್ತ ನಾನು ಅತ್ತುಬಿಟ್ಟೆ.

ಬೆಳಿಗ್ಗೆ ನೋಡುತ್ತೇನೆ, ಅಜ್ಜಿ ಅರಿಶಿನದ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ ದೇವರ ಮುಂದಿಟ್ಟಿದ್ದಾಳೆ. "ಬಾರವ್ವ. ಅದರ ಹೊಟ್ಟೆಗೆ ಹಿಡಿಸುವಷ್ಟೇ ಹಾಡ್ತೀನಿ. ನೀನು ಕೈ ಎತ್ತು, ನಿಲ್ಲಿಸ್ತೀನಿ." ಜೀವಮಾನದಲ್ಲಿ ಒಮ್ಮೆಯೂ ಪದ ಮುರಿಯದವಳು ನನ್ನ ಕೈಯನ್ನೇ ನೋಡುತ್ತ ತುಂಡು ತುಂಡಾಗಿ ಹಾಡಿದಳು. ಮೊದಲ ತುಂಡು ಹಳ್ಳದ ದಂಡೆಗೇ ಮುಗಿಯಿತು. ಸೇವ್ ಆಗುವವರೆಗೂ ಬಾಯಿ ಮುಚ್ಚಿ ಕಾಯುವಳು, ಆಮೇಲೆ "ಹಾಡ್ಲೇನವ್ವ?" ಎಂದು ಕೇಳುವಳು. ನಾನು ಕೈ ಇಳಿಸಿದರೆ ಮುಂದಿನ ತುಂಡು. ಗೆದ್ದೆ ಎಂದುಕೊಂಡೆ.

ದೀಪಾವಳಿ ಬಂತು. ಹಟ್ಟಿಯವರೆಲ್ಲ ದೇವರ ಮುಂದೆ ಕೂಡಿದ್ದರು. ಅಜ್ಜಿ ಪದ ಎತ್ತಿದಳು. ದೇವರು ಹಳ್ಳದ ದಂಡೆಗೆ ಬಂದ. ಅಜ್ಜಿ ನಿಲ್ಲಿಸಿದಳು. ಸೊಲ್ಲು ಹಿಡಿದವರು ಮುಖ ಮುಖ ನೋಡಿಕೊಂಡರು. ಅಜ್ಜಿ ಗುಂಪಿನಲ್ಲಿ ನನ್ನನ್ನು ಹುಡುಕಿ, "ಹಾಡ್ಲೇನವ್ವ?" ಅಂದಳು.

ಎಲ್ಲರ ಕಣ್ಣೂ ನನ್ನ ಮೇಲೆ. ಎತ್ತಿರದ ಕೈಯನ್ನು ನಾನು ಇಳಿಸಿದೆ.

ಈಗ ಅಜ್ಜಿಯಿಲ್ಲ. ಆ ತುಂಡುಗಳೆಲ್ಲ ನನ್ನ ಫೋನಿನಲ್ಲಿವೆ. ಇದರಲ್ಲಿ ಹಗಲೂ ರಾತ್ರಿ ಹಾಡಿದರೂ ಜಾಗ ಸಾಲದು ಅನ್ನುವ ಮಾತಿಲ್ಲ. ಆದರೆ ಒಂದು ತುಂಡಿನಿಂದ ಇನ್ನೊಂದಕ್ಕೆ ದನಿ ಹೇಗೆ ಹೊರಳುತ್ತಿತ್ತು ಎಂಬುದು ಅವಳ ಗಂಟಲಿಗಷ್ಟೇ ಗೊತ್ತಿತ್ತು. ಆ ದೀಪಾವಳಿಯಿಂದಾಚೆ ಅವಳ ಗಂಟಲಲ್ಲೂ ಅದು ಉಳಿಯಲಿಲ್ಲ. ಪ್ರತಿ ಸಲ ಹಚ್ಚಿದಾಗಲೂ ಹಳ್ಳದ ದಂಡೆಯಲ್ಲಿ ಪದ ನಿಲ್ಲುತ್ತದೆ, "ಹಾಡ್ಲೇನವ್ವ?" ಎಂದು ಅಜ್ಜಿ ಕೇಳಿದಂತಾಗುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ನಾನು ಇವತ್ತಿಗೂ ಕೈ ಇಳಿಸುತ್ತೇನೆ.